ತೈಪಿಂಗಿನ ಹೂವಿನ ಕ್ಯಾರಿಯರ್

ಹೂಜಿಯ ಕತ್ತಿಗೆ ತೆಳ್ಳನೆಯ ಬಿಳಿ ಬಟ್ಟೆ ಬಿಗಿದು, ಅದರ ಮೇಲೊಂದು ಬಾಳೆನಾರು ಸುತ್ತಿ, ಮುನಿಯಲ್ಲಮ್ಮ ಸೌಟಿನಿಂದ ನೀರು ಸೋಸುತ್ತಿದ್ದಾರೆ. ನಿನ್ನೆ ಸಂಜೆ ಹಂಡೆಯಲ್ಲಿ ಕುದಿಸಿಟ್ಟ ನೀರು ಅದು. ಬೆಳಗಿನ ಹೊತ್ತಿಗೆ ತಣ್ಣಗಾಗಿದ್ದರೂ ಸರ್ವೆ ಸೌದೆಯ ಹೊಗೆವಾಸನೆಯನ್ನು ಕೊಂಚ ಉಳಿಸಿಕೊಂಡಿದೆ. ಹೊರಗೆ ಹೆಬ್ಬಾಳದ ಕೆರೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಏರಿಯ ಮೇಲೆ ಹೋಗುವ ಗಾಡಿ ಕಾಣುವುದಿಲ್ಲ. ಎತ್ತಿನ ಕೊರಳ ಗಂಟೆ ಮಾತ್ರ ಕೇಳುತ್ತದೆ.

"ನೀರು ಕಾಯ್ಸೋದು ಯಾರು ಬೇಕಾದ್ರೂ ಮಾಡ್ತಾರೆ. ಆರ್ಸೋದೇ ಕಷ್ಟ," ಎನ್ನುತ್ತಾರೆ ಅವರು, ಕೈ ನಿಲ್ಲಿಸದೆ. "ಬಿಸಿದು ಉಯ್ದ್ರೆ ಹೂಜಿ ಸೀಳ್ತದೆ. ಅವಸರದೋರಿಗಲ್ಲ ಈ ಕೆಲ್ಸ."

ಕೊನೆಯ ಹೂಜಿ ತುಂಬಿದ ಮೇಲೆ ಅವರು ಕೈಯೊರೆಸಿಕೊಂಡು ಗೂಡಿನ ಹತ್ತಿರ ಹೋಗುತ್ತಾರೆ. ಗೂಡಿನಲ್ಲಿ ಮೂರು ಅಂತಸ್ತಿನ ಒಂದು ಪಿಂಗಾಣಿ ಬಣ್ಣದ ಟಿಫನ್ ಕ್ಯಾರಿಯರ್ ಇದೆ. ಹಾಲುಬಿಳುಪಿನ ಮೈ, ಅದರ ಮೇಲೆ ಕೆಂಪು ಹೂವು, ಹಸಿರು ಎಲೆ, ಮುಚ್ಚಳದ ಅಂಚಿಗೆ ನೀಲಿ ಗೆರೆ. ಎಂಟು ವರ್ಷದಿಂದ ಅದನ್ನು ದಿನವೂ ಒರೆಸಿ ಇಟ್ಟಲ್ಲಿಯೇ ಇಡುತ್ತಾ ಬಂದಿದ್ದಾರೆ. ಇವತ್ತು ಮಾತ್ರ ಅದನ್ನು ಕೆಳಗಿಳಿಸಿ, ಡಬ್ಬಿಗಳನ್ನು ಬಿಡಿಸಿ, ಬಿಸಿಲು ಬರುವ ಜಗಲಿಯ ಮೇಲೆ ಬೋರಲು ಹಾಕುತ್ತಾರೆ.

ನಾಡಿದ್ದು ಹಮ್ದಾನ್ ಊರಿಗೆ ಹೊರಡುತ್ತಾನೆ. ಮದ್ರಾಸಿನವರೆಗೆ ರೈಲು, ಅಲ್ಲಿಂದ ಪಿನಾಂಗಿಗೆ ಹಡಗು. ಈ ಕ್ಯಾರಿಯರ್ ಅವನ ಜತೆ ಹೋಗಬೇಕು, ಮಲಯ ದೇಶದ ತೈಪಿಂಗ್ ಎಂಬ ಊರಿನಲ್ಲಿರುವ ಅದರ ಯಜಮಾನಿಯನ್ನು ಮುಟ್ಟಬೇಕು. ಅಷ್ಟರೊಳಗೆ ಅದನ್ನು ತುಂಬಬೇಕು. ಒಂದು ಕಾಗದವನ್ನೂ ಬರೆಯಬೇಕು. ಇವೆರಡು ಕೆಲಸ ಎಂಟು ವರ್ಷದಿಂದ ಆಗದೆ ನಿಂತಿವೆ.

ಬಳ್ಳಾರಿ ರಸ್ತೆಯಿಂದ ಕೆರೆಯ ಕಡೆಗೆ ಇಳಿದರೆ ಸಿಗುವ ಈ ಹೆಂಚಿನ ಬಂಗಲೆಯನ್ನು ಸುತ್ತಿನವರು 'ಪರದೇಶಿ ಬಂಗಲೆ' ಎಂದೇ ಕರೆಯುತ್ತಾರೆ. ಬೇಸಾಯ, ಕೋಳಿ ಸಾಕಣೆ, ತೋಟಗಾರಿಕೆ ಕಲಿಯಲು ಹೊರದೇಶಗಳಿಂದ ಹೆಬ್ಬಾಳಕ್ಕೆ ಬರುವವರು ಇಲ್ಲಿ ಉಳಿಯುತ್ತಾರೆ. ಸಯಾಮಿನವರು, ಬರ್ಮಾದವರು, ಸಿಂಹಳದವರು. ಒಂದೊಂದು ಸಲ ಬಿಳಿಯರೂ ಉಂಟು. ಬಂಗಲೆಯ ಮೇಟಿ ಕದಿರಪ್ಪ, ಮುನಿಯಲ್ಲಮ್ಮನವರ ಗಂಡ. ಬೀಗದ ಕೈ, ಹಾಸಿಗೆ, ದೀಪ, ತೋಟ ಎಲ್ಲವೂ ಅವರ ಜವಾಬ್ದಾರಿಯಾಗಿತ್ತು. ಅವರು ತೀರಿಕೊಂಡು ಆರು ವರ್ಷವಾಯಿತು. ಹೊಸ ಮೇಟಿಯನ್ನು ಯಾರೂ ನೇಮಿಸಲಿಲ್ಲ. ಕದಿರಪ್ಪನವರ ಕರ್ಮ ಮುಗಿದ ಮಾರನೆಯ ಬೆಳಿಗ್ಗೆ ಮುನಿಯಲ್ಲಮ್ಮ ಹಂಡೆಗೆ ಉರಿ ಹಾಕಿದರು, ಹಾಗೆಯೇ ನಡೆದುಬಂತು. ಸಂಬಳದ ಪಟ್ಟಿಯಲ್ಲಿ ಅವರ ಕೆಲಸವನ್ನು 'ಇತರೆ' ಎಂದು ತೋರಿಸಿದ್ದಾರೆ.

"ಏನೋ ಒಂದು ಅಂತ ಬರ್ಕೊಳ್ಳಿ. ಬಂದೋರು ನನ್ನ ಅಕ್ಕ ಅಂತಾರೆ, ಸಾಕು," ಎಂದು ನಗುತ್ತಾರೆ.

ಬಂದವರಿಗೆ ಅವರು ಮಾಡುವ ದೊಡ್ಡ ಉಪಕಾರ ಮೊದಲ ದಿನದ್ದು. ಯಾವ ದೇಶದವರೇ ಆಗಲಿ, ಎಷ್ಟೇ ಹಸಿದು ಬಂದಿರಲಿ, ಆ ದಿನ ಅವರಿಗೆ ಸಿಗುವುದು ಮೆತ್ತಗಿನ ಮೊಸರನ್ನ, ಉಪ್ಪಿನಕಾಯಿಯ ರಸ, ಒಂದು ಬಾಳೆಹಣ್ಣು. "ಹೊಟ್ಟೆಗೆ ಊರು ಗುರ್ತು ಆಗ್ಬೇಕು. ಆಮೇಲೆ ಸಾರು, ಹುಳಿ." ಉಂಡಾದ ಮೇಲೆ ಅವರನ್ನು ಬಾವಿಕಟ್ಟೆಗೆ ಕರೆದೊಯ್ದು, ಕೈಗೊಂದು ಪುಟ್ಟ ಹಿತ್ತಾಳೆ ಚೊಂಬು ಕೊಡುತ್ತಾರೆ. ತುಟಿಗೆ ತಾಗಿಸದೆ, ಎತ್ತಿ ನೀರು ಕುಡಿಯುವುದನ್ನು ಕಲಿಯದೆ ಬಂಗಲೆಯ ಗೇಟು ದಾಟುವಂತಿಲ್ಲ. ಹಳ್ಳಿಗಳಲ್ಲಿ ಯಾರಾದರೂ ನೀರು ಕೊಟ್ಟರೆ ಬೇಡವೆನ್ನಬಾರದು, ಎಂಜಲೂ ಮಾಡಬಾರದು, ಅದಕ್ಕೆ. ಕೋಟು ಬೂಟಿನ ದೊಡ್ಡ ಮನುಷ್ಯರು ಮೂಗಿಗೆ ನೀರು ಹತ್ತಿಸಿಕೊಂಡು, ಅಂಗಿ ನೆನೆಸಿಕೊಂಡು ಕೆಮ್ಮುವುದನ್ನು ನೋಡಲು ಹಿಂದೆಲ್ಲ ಓಣಿಯ ಮಕ್ಕಳು ಕಾಂಪೌಂಡು ಹತ್ತಿ ಕೂರುತ್ತಿದ್ದರು.

ಆಮೇಲೆ ಜಟಕಾ. ಹೆಬ್ಬಾಳದ ಗಾಡಿಗಳಲ್ಲಿ ಉಳಿದಿರುವುದು ಈಗ ಜಹೀರ್ ಸಾಬರದೊಂದೇ. ಆಗ ಸಾಲು ಗಾಡಿಗಳಿದ್ದವು. ಹತ್ತಿದವರನ್ನು ಗಾಡಿಯವನು "ಮುಂದಕ್ಕೆ ಬನ್ನಿ, ಇನ್ನೂ ಮುಂದಕ್ಕೆ" ಎಂದು ತಳ್ಳಿದರೆ ಹೊಸಬರು ಸಿಟ್ಟಾಗುತ್ತಿದ್ದರು. ಅದು ಕುದುರೆಯ ಬೆನ್ನಿಗೆ ಭಾರ ಸರಿಯಾಗಲೆಂದು, ಅವಮಾನಕ್ಕಲ್ಲ ಎಂದು ಮುನಿಯಲ್ಲಮ್ಮ ಮೊದಲೇ ಹೇಳಿ ಕಳಿಸುತ್ತಿದ್ದರು. ಊಟವಾಯಿತೇ ಎಂದು ಯಾರಾದರೂ ಕೇಳಿದರೆ ಅದು ಊಟಕ್ಕೆ ಕರೆದದ್ದಲ್ಲ. ಉಂಡ ಎಲೆಯನ್ನು ತನ್ನ ಕಡೆಗೆ ಮಡಿಸಬೇಕು. ದೀಪ ಹಚ್ಚಿದ ಮೇಲೆ ಅಂಗಡಿಯಲ್ಲಿ ಸೂಜಿ ಕೇಳಿದರೆ ಕೊಡುವುದಿಲ್ಲ, ಜಗಳವಾಡಬೇಡಿ. ಹೀಗೆ ಅವರ ಮಾತು ಕೆರೆ ಏರಿ ಸುತ್ತಿ ಬರುವಷ್ಟು ಉದ್ದ ಇರುತ್ತದೆ. ಅವರ ಕನ್ನಡ ಸಯಾಮಿನವರಿಗೆ ಹೇಗೆ ತಿಳಿಯುತ್ತಿತ್ತು ಎಂದರೆ, "ನಡ್ಕೊಂಡು ಹೇಳಿದ್ರೆ ಎಲ್ಲಾರ್ಗೂ ತಿಳೀತದೆ" ಎನ್ನುತ್ತಾರೆ.

ಮಾತಿಲ್ಲದೆ ತೋರಿಸಬೇಕಾದ ಕಷ್ಟ ಬರದಿದ್ದುದು ಒಬ್ಬಳ ವಿಷಯದಲ್ಲಿ ಮಾತ್ರ. ಅವಳು ರೊಕಿಯಾ.

ಐವತ್ತೇಳನೆಯ ಇಸವಿಯ ಮುಂಗಾರಿನಲ್ಲಿ, ಮಲಯದಿಂದ ತೋಟಗಾರಿಕೆ ಕಲಿಯಲೆಂದು ಬಂದು ಜಟಕಾದಿಂದ ಇಳಿದ ಆ ಹುಡುಗಿಯನ್ನು ಕಂಡು ಅಡಿಗೆಯ ಗಂಗರತ್ನಮ್ಮ ಒಳಗೆ ಓಡಿಬಂದು, "ಮುನಿಯಲ್ಲಕ್ಕಾ, ಬಾ ನೋಡು, ಹೆಂಗಸು ಲುಂಗಿ ಉಟ್ಕೊಂಡವ್ಳೆ," ಎಂದಿದ್ದರು. ಮೊಣಕಾಲು ಮುಟ್ಟುವ ಅಂಗಿ, ಹೂವಿನ ಲುಂಗಿ, ತಲೆಯ ಮೇಲೆ ತೆಳು ವಸ್ತ್ರ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಈ ಕ್ಯಾರಿಯರ್. ಮುನಿಯಲ್ಲಮ್ಮ ಚಿಕ್ಕಂದಿನಲ್ಲಿ ತಾಯಿಯ ಹಿಂದೆ, ತಮಿಳರು ಹೆಚ್ಚಿದ್ದ ದಂಡು ಪ್ರದೇಶಕ್ಕೆ ಸೊಪ್ಪು ಮಾರಲು ಹೋಗಿ ತಮಿಳು ಕಲಿತವರು. ರೊಕಿಯಾಳ ತಂದೆ ತೈಪಿಂಗಿನ ರೈಲು ನಿಲ್ದಾಣದಲ್ಲಿ ಮಾಸ್ತರರು. ಲೈನಿನ ತಮಿಳು ಕೂಲಿಗಳ ಮಕ್ಕಳ ಜತೆ ಆಡಿ ಬೆಳೆದವಳು ಅವಳು. ಇಬ್ಬರದೂ ಹರಕು ತಮಿಳು. ಹರಕಿಗೆ ಹರಕು ಸೇರಿ ಮಾತು ಬೆಳೆಯಿತು.

"ಅಕ್ಕಾ, ನಿಮ್ಮೂರು ಯಾವುದು?" ಎಂದು ಅವಳು ಕೇಳಿದಾಗ ಮುನಿಯಲ್ಲಮ್ಮ ಯಲಹಂಕದ ದಾರಿಯ ಕಡೆ ಕೈ ತೋರಿಸಿ, "ಸಿಂಗಾಪುರ," ಎಂದರು. ಅದು ಅವರ ತವರು, ಕೆರೆಯ ಕೆಳಗೆ ನಾಲ್ಕಾರು ರಾಗಿ ಹೊಲಗಳ ಹಳ್ಳಿ. ರೊಕಿಯಾ ಕೊಡೆ ಕೆಳಗೆ ಹಾಕಿ ನಕ್ಕಳು. ಆ ಹೆಸರಿನ ದೊಡ್ಡ ಪಟ್ಟಣ ಅವಳ ನಾಡಿನ ಕೊನೆಯಲ್ಲಿತ್ತಂತೆ. ಅಂದಿನಿಂದ ಅಣ್ಣ ಮುನಿಆಂಜಿನಪ್ಪ ಹಳ್ಳಿಯಿಂದ ಸೊಪ್ಪಿನ ಹೊರೆ ತಂದಾಗಲೆಲ್ಲ, "ಅಕ್ಕಾ, ಸಿಂಗಾಪುರದ ಹಡಗು ಬಂತು," ಎಂದು ಕೂಗುತ್ತಿದ್ದಳು.

ಅವಳು ಮಾಡಿದ ಒಂದು ತಪ್ಪನ್ನು ನೆನೆದರೆ ಮುನಿಯಲ್ಲಮ್ಮ ಈಗಲೂ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಅವಳ ಊರಿನಲ್ಲಿ ಹೊರಟವರನ್ನು ಎಲ್ಲಿಗೆಂದು ಕೇಳುವುದು ಮರ್ಯಾದೆಯಂತೆ. ಇಲ್ಲಿ ಅದು ಅಪಶಕುನ. ಇದು ತಿಳಿಯದೆ ಅವಳು ದಿನಾ ಬೆಳಿಗ್ಗೆ ಕದಿರಪ್ಪನವರು ಚಪ್ಪಲಿ ಮೆಟ್ಟಿದ ಕೂಡಲೇ ವಿನಯದಿಂದ, "ಎಲ್ಲಿಗೆ ಅಣ್ಣಾ?" ಎನ್ನುವಳು. ಅವರು ಮರುಮಾತಾಡದೆ ಚಪ್ಪಲಿ ಬಿಟ್ಟು, ಜಗಲಿಯಲ್ಲಿ ಕೂತು, ಒಂದು ಚೊಂಬು ನೀರು ಕುಡಿದು, ಮತ್ತೆ ಏಳುವರು. ಎದ್ದರೆ ಮತ್ತೆ, "ಎಲ್ಲಿಗೆ ಅಣ್ಣಾ?" ನಾಲ್ಕು ದಿನ ಕಳೆದ ಮೇಲೆ ಮೇಟಿ ಹಿತ್ತಲ ಬಾಗಿಲಿನಿಂದ ಹೋಗಲು ಶುರುಮಾಡಿದರು.

"ಅಣ್ಣನಿಗೆ ನನ್ನ ಮೇಲೆ ಕೋಪವಾ?" ಎಂದು ಹುಡುಗಿ ಕಣ್ಣು ತುಂಬಿಕೊಂಡಳು.

"ಕೋಪ ಅಲ್ಲ ಕಣೆ. ಎಲ್ಲಿಗೆ ಅನ್ಬಾರ್ದು. ದೂರಾನಾ ಅನ್ನು. ಅವ್ರೇ ಹೇಳ್ತಾರೆ."

ಮರುದಿನದಿಂದ ರೊಕಿಯಾ ಎದುರಾದವರನ್ನೆಲ್ಲ, ಹಾಲಿನವರನ್ನೂ ಅಂಚೆಯವರನ್ನೂ ಕೆರೆಗೆ ಹೋಗುವ ಎಮ್ಮೆಗಳನ್ನೂ, "ದೂರಾನಾ?" ಎಂದು ಕೇಳತೊಡಗಿದಳು. ಹೆಬ್ಬಾಳದಲ್ಲಿ ಅವಳಿಗೆ ದೂರಾನಮ್ಮ ಎಂದೇ ಹೆಸರು ಬಿತ್ತು.

ಆ ವರ್ಷ ಆಗಸ್ಟಿನ ಕೊನೆಯ ದಿನ ಅವಳ ದೇಶಕ್ಕೆ ಸ್ವಾತಂತ್ರ್ಯ ಬಂತು. ಬಂಗಲೆಯ ರೇಡಿಯೋ ಮುಂದೆ ಒಬ್ಬಳೇ ಕೂತಿದ್ದಳು. ಮುನಿಯಲ್ಲಮ್ಮ ಶ್ಯಾವಿಗೆ ಪಾಯಸ ಮಾಡಿದರು. ಕದಿರಪ್ಪನವರು ಪೇಟ ಸುತ್ತಿಕೊಂಡು ಬಂದು, ನಮಗೆ ಬಂದು ಹತ್ತು ವರ್ಷವಾಯಿತು, ನಿಮಗೂ ಬಂತಲ್ಲ, ಒಳ್ಳೆಯದಾಯಿತು ಎಂದು ಗಂಭೀರವಾಗಿ ಹೇಳಿ, ಎರಡು ಲೋಟ ಪಾಯಸ ಕುಡಿದು ಹೋದರು. ಮಾಗಿಯಲ್ಲಿ ಸೊಗಡು ಅವರೆ ಬಂದಾಗ ಜಗಲಿಯ ಬಿಸಿಲಲ್ಲಿ ಮೂವರು ಹೆಂಗಸರೂ ಕೂತು ನೆನೆಸಿದ ಕಾಳು ಹಿಸುಕುತ್ತಿದ್ದರು. ಗಂಗರತ್ನಮ್ಮನವರ ಕೈಯಲ್ಲಿ ಬೇಳೆ ಬೋಗುಣಿಗೆ ಬಿದ್ದರೆ ರೊಕಿಯಾಳ ಕೈಯಿಂದ ಅದು ಹಾರಿ ಕದಿರಪ್ಪನವರ ಪೇಟಕ್ಕೆ ಬೀಳುತ್ತಿತ್ತು. ಹಿತಕಿದ ಬೇಳೆಯ ಸಾರಿಗೆ ಅವಳು ಮಾರುಹೋದಳು. "ಇದು ನಮ್ಮೂರಿನಲ್ಲಿ ಯಾಕಿಲ್ಲ?" ಎಂದು ದಿನಾ ಅದೇ ಪ್ರಶ್ನೆ.

ಐವತ್ತೆಂಟರ ರಂಜಾನ್ ಹಬ್ಬದ ದಿನ ಅವಳೇ ಒಲೆ ಮುಂದೆ ಕೂತು, ತೆಂಗಿನ ಹಾಲಿನಲ್ಲಿ ಅಕ್ಕಿ ಬೇಯಿಸಿ ಸಿಹಿ ಮಾಡಿ, ಕ್ಯಾರಿಯರಿನ ಮೂರು ಡಬ್ಬಿಗೂ ತುಂಬಿ ಮುನಿಯಲ್ಲಮ್ಮನವರ ಕೈಗಿತ್ತಳು. ಆ ಕ್ಯಾರಿಯರ್ ಅವಳ ತಾಯಿಯದು. ತಾಯಿ ತೀರಿಹೋಗಿದ್ದರು. ಒಲ್ಲೆ ಒಲ್ಲೆ ಎನ್ನುತ್ತಿದ್ದ ಗಂಗರತ್ನಮ್ಮ ಮೇಲಿನ ಡಬ್ಬಿಯನ್ನು ಒಬ್ಬರೇ ಮುಗಿಸಿದರು. ಪಾತ್ರೆ ತೊಳೆದಿಟ್ಟು, ನಾಳೆ ಒಬ್ಬಟ್ಟು ಮಾಡಿ ತುಂಬಿ ಕೊಡೋಣವೆಂದು ಮುನಿಯಲ್ಲಮ್ಮ ಬೇಳೆ ನೆನೆಹಾಕಿದ್ದರು. ಬೆಳಗಾಗುವಾಗ ತಂತಿ ಬಂತು, ತಂದೆಗೆ ಹುಷಾರಿಲ್ಲ ಎಂದು. ಮಧ್ಯಾಹ್ನದ ರೈಲಿಗೆ ರೊಕಿಯಾ ಹೊರಟಳು. ಗಡಿಬಿಡಿಯಲ್ಲಿ ಯಾರೋ ಕ್ಯಾರಿಯರನ್ನು ತಂದು ಗಾಡಿಯಲ್ಲಿಡಲು ಹೋದರು. ಮುನಿಯಲ್ಲಮ್ಮನವರೇ ತಡೆದರು. ಖಾಲಿ ಇತ್ತು.

ನಮ್ಮಲ್ಲಿ ಯಾರೂ ತಿಂಡಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಹಾಕುತ್ತೇವೆ. ಆ ಮಧ್ಯಾಹ್ನ ಬೆಲ್ಲದ ಡಬ್ಬಿ ಎರಡು ಮಾರು ದೂರದಲ್ಲೇ ಇತ್ತು. "ಆಗ ಮನ್ಸು ಒಪ್ಲಿಲ್ಲ ನೋಡಿ. ತಾಯಿ ಪಾತ್ರೆ, ಬರೀ ಬೆಲ್ಲ ಹಾಕಿ ಕೊಟ್ರೆ ಏನ್ ಚೆಂದ ಅಂದ್ಕೊಂಡೆ. ತುಂಬ್ಸಿ ಕಳಿಸ್ತೀನಿ ಕಣೆ ಅಂದೆ. ಅವ್ಳು ಊಂ ಅಂದ್ಳು. ಗಾಡಿ ಓಯ್ತು."

ಆ ವರ್ಷದ ಕೊನೆಗೆ ತೈಪಿಂಗಿನಿಂದ ಕಾಗದ ಬಂತು. ಬಂಗಲೆಯಲ್ಲಿದ್ದ ಸಿಂಹಳದ ಮೇಷ್ಟ್ರು ಅದನ್ನು ಓದಿ ತಮಿಳಿನಲ್ಲಿ ಹೇಳಿದರು. ತಂದೆ ಚೇತರಿಸಿಕೊಂಡಿದ್ದರು. ಮಿಕ್ಕಿದ್ದೆಲ್ಲ ಮುನಿಯಲ್ಲಮ್ಮನವರಿಗೇ ಪಾಠ. ಮೊದಲ ದಿನ ಅವರು ತನಗೆ ಹೇಳಿದಂತೆಯೇ ಅವಳು ಅವರಿಗೆ ಹೇಳಿಕೊಟ್ಟಿದ್ದಳು. ಅಕ್ಕಾ, ನೀವು ನಮ್ಮೂರಿಗೆ ಬಂದರೆ ರೈಲು ಇಳಿಯುವಾಗಲೇ ಕೊಡೆ ಬಿಚ್ಚಿಕೊಳ್ಳಿ. ಇಲ್ಲಿ ಮಳೆ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಪಂದ್ಯ ಕಟ್ಟುತ್ತಾರೆ. ಯಾರನ್ನೂ ತೋರುಬೆರಳಿನಿಂದ ತೋರಿಸಬೇಡಿ, ಬೆರಳು ಮಡಿಸಿ ಹೆಬ್ಬೆಟ್ಟಿನಿಂದ ತೋರಿಸಿ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಿ. ಮಗು ಎಷ್ಟು ಮುದ್ದಾಗಿದ್ದರೂ ತಲೆ ಮುಟ್ಟಬೇಡಿ. ಕುಡಿಯಲು ಕೊಟ್ಟದ್ದು ಬೇಡವಾದರೆ ಬಟ್ಟಲನ್ನಾದರೂ ಮುಟ್ಟಿ. ಊಟವಾಯಿತೇ ಎಂದರೆ ಆಯಿತು ಎನ್ನಿ, ನಿಮ್ಮೂರಿನ ಹಾಗೇ. ಎಲ್ಲಿಗೆ ಎಂದು ಎಲ್ಲರೂ ಕೇಳುತ್ತಾರೆ, ಹಿಂದಕ್ಕೆ ಬಂದು ನೀರು ಕುಡಿಯುತ್ತಾ ಕೂರಬೇಡಿ. ಗಾಳಿ ತಿನ್ನಲು ಎಂದುಬಿಡಿ, ಸಾಕು. ಸಂಜೆ ಕೆರೆಯ ದಡಕ್ಕೆ ಕರೆದೊಯ್ಯುತ್ತೇನೆ, ಅಲ್ಲಿ ಮರಗಳು ರಸ್ತೆ ದಾಟಿ ಬಾಗಿ ನೀರು ಮುಟ್ಟುತ್ತವೆ. ಕೊನೆಯಲ್ಲಿ ಒಂದು ಸಾಲು: ನನ್ನ ಅಮ್ಮನ ಕ್ಯಾರಿಯರ್ ಚೆನ್ನಾಗಿದೆಯಾ?

ಈ ಕಾಗದಕ್ಕೆ ಮುನಿಯಲ್ಲಮ್ಮ ಉತ್ತರ ಹಾಕಲಿಲ್ಲ. ಬರೀ ಕಾಗದ ಕಳಿಸುವುದೂ ಖಾಲಿ ಪಾತ್ರೆ ಕೊಡುವುದೂ ಒಂದೇ ಎಂದು ಅವರ ಮನಸ್ಸಿಗೆ ಹತ್ತಿಬಿಟ್ಟಿತ್ತು. ಕ್ಯಾರಿಯರ್ ಜತೆಗೇ ಕಾಗದ. ಕ್ಯಾರಿಯರ್ ಹೋಗಬೇಕಾದರೆ ಆ ಕಡೆ ಹೋಗುವ ಜನ ಬೇಕು. ಮಲಯದಿಂದ ಮತ್ತೆ ಯಾರೂ ಬರಲಿಲ್ಲ. ಮರುವರ್ಷ ಹಬ್ಬಕ್ಕೊಂದು ಬಣ್ಣದ ಕಾರ್ಡು ಬಂತು. ಆಮೇಲೆ ಅದೂ ಬರಲಿಲ್ಲ. ಕದಿರಪ್ಪನವರು ಹಾಸಿಗೆ ಹಿಡಿದ ತಿಂಗಳುಗಳಲ್ಲಿ, "ಆ ದೂರಾನಮ್ಮಂಗೆ ಒಂದು ಕಾಗ್ದ ಹಾಕಮ್ಮಿ, ನಾವು ಮರ್ತೋ ಅಂದ್ಕೊಂಡಾಳು," ಎಂದು ಎಷ್ಟೋ ಸಲ ಅಂದಿದ್ದರು. ಅವರು ಹೋದ ಮೇಲೆ ಆ ಮಾತೇ ಮುನಿಯಲ್ಲಮ್ಮನವರನ್ನು ಹೆಚ್ಚು ಕೊರೆಯಿತು. ಭಜನೆ ಮನೆಯಲ್ಲಿ ನಡೆಯುತ್ತಿದ್ದ ವಯಸ್ಕರ ಶಾಲೆಗೆ ಸೇರಿ ಅಕ್ಷರ ಕಲಿತರು. ಅಕ್ಷರ ಬಂತು, ಕಾಗದ ಮಾತ್ರ ಆಗಲಿಲ್ಲ.

ಈ ನಡುವೆ ಊರು ಬದಲಾಗಿದೆ. ಗಂಗೇನಹಳ್ಳಿ ಕಡೆಯ ಹೊಲಗಳಲ್ಲಿ ಸೈಟು ಅಳೆಯುವವರ ಸರಪಳಿ ಓಡಾಡುತ್ತದೆ. ಜಟಕಾ ಸಾಲು ನಿಲ್ಲುತ್ತಿದ್ದ ಹುಣಸೆಮರದ ಕೆಳಗೆ ಈಗ ಸಿಟಿ ಬಸ್ಸು ನಿಲ್ಲುತ್ತದೆ. ಬಂಗಲೆಗೆ ಬರುವವರೂ ಕಡಿಮೆ. ಹೊಸಬರು ಸೋಡಾ ತರಿಸಿಕೊಂಡು ಕುಡಿಯುತ್ತಾರೆ, ಚೊಂಬಿನ ಪಾಠಕ್ಕೆ ನಿಲ್ಲುವುದಿಲ್ಲ. ಆದರೂ ಮುನಿಯಲ್ಲಮ್ಮ ಹಂಡೆಗೆ ಉರಿ ಹಾಕುವುದನ್ನು ನಿಲ್ಲಿಸಿಲ್ಲ.

ಹೋದ ವರ್ಷ ಹಮ್ದಾನ್ ಬಂದ. ಈಪೋ ಎಂಬ ಊರಿನವನು. ತೈಪಿಂಗ್ ಅಲ್ಲಿಗೆ ರೈಲಿನಲ್ಲಿ ಹತ್ತಿರವಂತೆ. ಕೋಳಿ ಸಾಕಣೆ ಕಲಿಯುತ್ತಾ ಕನ್ನಡವನ್ನೂ ಕಲಿತ. ಗೂಡಿನಲ್ಲಿದ್ದ ಕ್ಯಾರಿಯರನ್ನು ಕಂಡ ದಿನ, "ಅಮ್ಮಾ, ಇದು ನಮ್ಮ ಮನೇಲಿ ಇರೋ ಥರಾನೇ ಇದೆ," ಎಂದು ನಿಂತುಬಿಟ್ಟ. ಕಥೆಯನ್ನೆಲ್ಲ ಕೇಳಿ ಮುಚ್ಚಳ ಎತ್ತಿ ನೋಡಿದ.

"ನಮ್ಮಲ್ಲೂ ಅದೇ ಅಮ್ಮಾ. ಪಾತ್ರೆ ಖಾಲಿ ಕೊಟ್ರೆ ನಮ್ಮಜ್ಜಿ ಬೈತಾರೆ. ಏನೂ ಇಲ್ಲ ಅಂದ್ರೆ ಸಕ್ಕರೆನಾದ್ರೂ ಹಾಕ್ತಾರೆ."

ಮುನಿಯಲ್ಲಮ್ಮ ಅವನ ಮುಖವನ್ನೇ ನೋಡಿದರು. "ಅಂಗಂದ್ರೆ ಅವ್ಳಿಗೆ ಗೊತ್ತಾಗಿರ್ತದಾ, ನಾನು ಯಾಕೆ ಸುಮ್ಕಿವ್ನಿ ಅಂತ?"

"ಮೊದಲನೇ ವರ್ಷ ಗೊತ್ತಾಗಿರುತ್ತೆ. ಎರಡನೇ ವರ್ಷಾನೂ ಗೊತ್ತಾಗಿರುತ್ತೆ." ಹಮ್ದಾನ್ ತಲೆ ಕೆರೆದುಕೊಂಡ. "ಎಂಟು ವರ್ಷ ಅಂದ್ರೆ ಕಷ್ಟ ಅಮ್ಮಾ."

"ಎಂಟು ವರ್ಷದಿಂದ ಆ ಡಬ್ಬೀನ ಬಸ್ರಿ ಸೊಸೆ ನೋಡ್ಕೊಂಡಂಗೆ ನೋಡ್ಕೊಳ್ತಾವ್ಳೆ," ಎಂದು ಒಳಗಿನಿಂದ ಗಂಗರತ್ನಮ್ಮ ಸೇರಿಸಿದರು. "ಇನ್ನು ಅದ್ರೊಳಗೆ ಚಿನ್ನಾನೇ ತುಂಬ್ಬೇಕು, ಬೇರೇನ್ ಹಾಕಿದ್ರೂ ಸಾಲ್ದು."

ಹಮ್ದಾನ್ ತನ್ನ ಸೋದರತ್ತೆಗೆ ಬರೆದು ವಿಚಾರಿಸಿದ. ರೊಕಿಯಾ ತೈಪಿಂಗಿನಲ್ಲೇ ಇದ್ದಾಳೆ, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು, ಮದುವೆಯಾಗಿದೆ ಎಂದು ವಿಳಾಸವೂ ಬಂತು. ಹೆಬ್ಬಾಳವನ್ನು ಅವಳು ನೆನೆಯುತ್ತಾಳೋ ಮರೆತಿದ್ದಾಳೋ, ಅದು ಮಾತ್ರ ಅತ್ತೆಗೆ ತಿಳಿದಿರಲಿಲ್ಲ.

ಏನು ತುಂಬುವುದೆಂಬ ಪಂಚಾಯಿತಿ ಒಂದು ವಾರದಿಂದ ನಡೆದಿದೆ. ಗಂಗರತ್ನಮ್ಮನವರದು ಕೊಬ್ಬರಿ ಮಿಠಾಯಿ. "ಹಡಗಿನ ತೇವಕ್ಕೆ ಕಮಟು ಹಿಡೀತದೆ," ಎಂದು ಮುನಿಯಲ್ಲಮ್ಮ ತಳ್ಳಿಹಾಕಿದರು. ಚಕ್ಕುಲಿ ಮೆತ್ತಗಾಗುತ್ತದೆ. ಉಪ್ಪಿನಕಾಯಿ ಸುರಿಯುತ್ತದೆ. ಜಹೀರ್ ಸಾಬರು ಕುದುರೆಗೆ ಹುಲ್ಲು ಹಾಕುತ್ತಾ, "ನಮ್ ಹೆಬ್ಬಾಳದ ದ್ರಾಕ್ಷಿ ಕಳ್ಸಮ್ಮಾ, ದುನಿಯಾದಲ್ಲಿ ಎಲ್ಲೂ ಸಿಗಲ್ಲ," ಎಂದರು.

"ಸಮುದ್ರ ದಾಟೋ ಒಳ್ಗೆ ಸರಾಯಿ ಆಗಿರ್ತದೆ ಸಾಬ್ರೇ. ನಿಮ್ಮೋಳೇ ಅವ್ಳು, ಮುಟ್ತಾಳಾ?"

"ತೋಬಾ ತೋಬಾ," ಎಂದು ಸಾಬರು ಕೆನ್ನೆ ಮುಟ್ಟಿಕೊಂಡರು.

ನಿನ್ನೆ ಸಿಂಗಾಪುರದಿಂದ ಮುನಿಆಂಜಿನಪ್ಪ ಬಂದಿದ್ದರು. ಈ ಸಲದ ಅವರೆಯಲ್ಲಿ ಬಿತ್ತನೆಗೆಂದು ಆರಿಸಿ ತೆಗೆದಿಟ್ಟ ಕಾಳು ತಂಗಿಗೂ ಒಂದು ಪಾಲು ತರುವುದು ಅವರ ರೂಢಿ. ಬಂಗಲೆಯ ಬೇಲಿಯುದ್ದಕ್ಕೂ ಮುನಿಯಲ್ಲಮ್ಮ ಅದನ್ನೇ ಊರುತ್ತಾರೆ. ಗಂಟು ಬಿಚ್ಚಿ, ಒಂದು ಹಿಡಿ ಕಾಳನ್ನು ಅಂಗೈಯಲ್ಲಿಟ್ಟುಕೊಂಡು, ಅವರು ತುಂಬ ಹೊತ್ತು ಕೂತರು. ಆಮೇಲೆ ಗಂಗರತ್ನಮ್ಮನನ್ನು ಕರೆದರು.

"ಲೇ ಗಂಗರತ್ನ. ಮಾಡಿದ್ದು ಹಳಸ್ತದೆ. ಬಿತ್ತನೆ ಹಳಸಲ್ಲ."

ಗಂಗರತ್ನಮ್ಮ ಯೋಚಿಸಿದರು. "ಅಲ್ಲಿ ದಿನಾ ಮಳೆಯಂತೆ. ಅವರೆಗೆ ಮಂಜು ಬೇಕು ಕಣಕ್ಕ. ಬರ್ತದಾ?"

"ಬಂದ್ರೆ ಬರ್ಲಿ. ಬರ್ದಿದ್ರೆ ನೆನೆಹಾಕಿ ಹಿಸ್ಕಿ ಸಾರು ಮಾಡ್ಕೊಳ್ಲಿ. ನಷ್ಟ ಏನು?"

ಬೀಜ ದೇಶ ದಾಟಬೇಕಾದರೆ ಪರೀಕ್ಷೆ ಮಾಡಿಸಿದ ಚೀಟಿ ಬೇಕೆಂದು ಹಮ್ದಾನ್ ಸಂಜೆಯೇ ಹೇಳಿದ್ದ. ಇವತ್ತು ಬೆಳಿಗ್ಗೆ ಕಾಳಿನ ಚೀಲ ಎತ್ತಿಕೊಂಡು ಹೋದವನು ಮಧ್ಯಾಹ್ನಕ್ಕೆ ಚೀಟಿಯ ಸಮೇತ ಬರುತ್ತಾನೆ. ಹುಳ ಬೀಳದಂತೆ ಬೂದಿ ಬೆರೆಸುವಂತಿಲ್ಲ ಎಂದು ಅಲ್ಲಿಯವರು ಹೇಳಿ ಕಳಿಸಿದ್ದು ಮುನಿಯಲ್ಲಮ್ಮನವರಿಗೆ ಹಿಡಿಸುವುದಿಲ್ಲ. ಕೊನೆಗೆ ಅಂಗೈಗೆ ಹರಳೆಣ್ಣೆ ಸವರಿಕೊಂಡು ಕಾಳನ್ನು ಉಜ್ಜಿ, ಬಿಸಿಲಿಗೆ ಕಾದ ಡಬ್ಬಿಗಳಿಗೆ ತುಂಬುತ್ತಾರೆ. ಕೆಳಗಿನ ಎರಡಕ್ಕೆ ಅವರೆ, ಮೇಲಿನದಕ್ಕೆ ರಾಗಿ ಹುರಿಹಿಟ್ಟು, ಅದರ ಮೇಲೊಂದು ಅಚ್ಚು ಬೆಲ್ಲ. ಅಂದು ಹಾಕದೆ ಬಿಟ್ಟ ಬೆಲ್ಲ. ಮುಚ್ಚಳ ಹಾಕಿ, ಕೊಂಡಿ ಬಿಗಿದು, ಹಳೆಯ ಸೀರೆಯ ತುಂಡಿನಿಂದ ಕಟ್ಟುತ್ತಾರೆ. ಕಟ್ಟಿದ್ದನ್ನು ಮತ್ತೆ ಬಿಚ್ಚುತ್ತಾರೆ.

"ಈಗೇನಾಯ್ತು?" ಎನ್ನುತ್ತಾರೆ ಗಂಗರತ್ನಮ್ಮ.

ಮುನಿಯಲ್ಲಮ್ಮ ಬಾವಿಕಟ್ಟೆಗೆ ಹೋಗಿ, ಪಾಠದ ಆ ಪುಟ್ಟ ಹಿತ್ತಾಳೆ ಚೊಂಬನ್ನು ತರುತ್ತಾರೆ. ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ಅದರೊಳಗೂ ಕಾಳು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಕ್ಯಾರಿಯರಿನ ಪಕ್ಕದಲ್ಲಿಟ್ಟು ಗಂಟು ಹಾಕುತ್ತಾರೆ.

"ಅವ್ಳದು ಅವ್ಳಿಗೆ ಓಗ್ಬಿಟ್ರೆ ಮುಗ್ದೋಯ್ತಲ್ಲ. ಇದು ನಂದು. ಇದು ಅವ್ಳ ಮನೇಲಿರ್ಲಿ."

"ಅಲ್ಲ ಕಣಕ್ಕ, ಇಲ್ಲಿಗೆ ಬಂದೋರ್ಗೆ ನೀರು ಕುಡಿಯೋದು ಹೆಂಗೆ ಕಲಿಸ್ತೀಯಾ?"

"ಲೋಟ ಇಲ್ವಾ," ಎನ್ನುತ್ತಾರೆ ಮುನಿಯಲ್ಲಮ್ಮ.

ಇನ್ನು ಕಾಗದ. ಗಂಟನ್ನು ಹಮ್ದಾನ್ ಒಯ್ಯುತ್ತಾನಾದರೂ ಕಾಗದ ಅವನ ಜತೆ ಹೋಗಬಾರದೆಂದು ಅವರ ಹಟ. ಬರುವ ಸುದ್ದಿ ಬರುವವರಿಗಿಂತ ಮುಂಚೆ ಬಾಗಿಲು ಮುಟ್ಟಬೇಕು. ಬಂಗಲೆಯ ಅತಿಥಿಗಳಿಗೆ ಅವರು ಇಷ್ಟು ವರ್ಷ ಹೇಳುತ್ತಾ ಬಂದ ಮೊದಲ ಮಾತು ಅದೇ. ವಿಮಾನದ ಅಂಚೆಗೆ ಹಾಕಿದರೆ ಹಡಗಿಗಿಂತ ಮೊದಲೇ ಸೇರುತ್ತದೆ. ಜಗಲಿಯ ಮೇಲೆ ಕೂತು ಅವರು ಹೇಳುತ್ತಾರೆ, ಹಮ್ದಾನ್ ತನ್ನ ಭಾಷೆಯಲ್ಲಿ ಬರೆದುಕೊಳ್ಳುತ್ತಾನೆ.

"ಕ್ಯಾರಿಯರ್ ಬರ್ತಾ ಐತೆ ಅಂತ ಬರಿ. ತಡ ಆಯ್ತು, ಖಾಲಿ ಕಳ್ಸೋಕೆ ಮನಸ್ಸು ಬರ್ಲಿಲ್ಲ, ಮರ್ತಿದ್ದಲ್ಲ ಅಂತ ಬರಿ. ನಿಮ್ಮಣ್ಣ ಇಲ್ಲ ಈಗ. ಕೊನೇಲೂ ನಿನ್ನ ನೆನೆಸ್ಕೊಂಡ್ರು. ಬರ್ದ್ಯಾ? ಈಗ ನೀನು ಬಂದ್ರೆ ಟೇಷನ್ನಿನಲ್ಲಿ ಜಟಕಾ ಹುಡುಕ್ಬೇಡ, ಸಿಗಲ್ಲ. ಸಿಟಿ ಬಸ್ಸು ಹತ್ತು, ಹುಣಸೆಮರದ ತಾವ ಇಳಿ. ಚಿಲ್ರೆ ಇಟ್ಕೊ, ಕಂಡಕ್ಟರ್ ಬೈತಾನೆ. ಇಳಿದ್ಮೇಲೆ ಎಡಕ್ಕೆ ನೋಡಿದ್ರೆ ಮನೆಗಳು ಬಂದವೆ, ಗಾಬ್ರಿ ಆಗ್ಬೇಡ, ಕೆರೆ ಇದ್ದಂಗೇ ಐತೆ. ಮಾಗಿಲಿ ಬಾ, ಅವರೆ ಇರ್ತದೆ. ಬಾವಿ ನೀರು ಅದೇ, ನಾನೇ ಕಾಯ್ಸಿ ಇಟ್ಟಿರ್ತೀನಿ. ನಿನ್ನ ಮಕ್ಳಿದ್ರೆ ಕರ್ಕೊಂಡು ಬಾ, ತಲೆ ಮುಟ್ಟಲ್ಲ." ಸ್ವಲ್ಪ ನಿಲ್ಲಿಸಿ, "ಚೊಂಬು ನಂದು ಅಂತ ಬರಿ. ಅದನ್ನ ಖಾಲಿ ಕಳಿಸ್ಬೇಡ ಅಂತ ಬರಿ," ಎನ್ನುತ್ತಾರೆ.

ಕೊನೆಯಲ್ಲಿ ಉಳಿದ ಜಾಗದಲ್ಲಿ ಲೇಖನಿಯನ್ನು ತಾವೇ ತೆಗೆದುಕೊಂಡು, ಅಕ್ಷರ ಅಕ್ಷರವಾಗಿ, 'ಊಟ ಆಯಿತಾ. ಮುನಿಯಲ್ಲಮ್ಮ' ಎಂದು ಕನ್ನಡದಲ್ಲಿ ಬರೆಯುತ್ತಾರೆ. ರೊಕಿಯಾಗೆ ಕನ್ನಡ ಓದಲು ಬರುವುದಿಲ್ಲವಲ್ಲ ಎಂದರೆ, "ನೋಡಕ್ಕೆ ಬರ್ತದಲ್ಲ," ಎನ್ನುತ್ತಾರೆ.

ಅಂಚೆ ಡಬ್ಬ ಇರುವುದು ಬಸ್ಸು ನಿಲ್ಲುವ ಹುಣಸೆಮರದ ಆಚೆ. ಅರ್ಧ ಮೈಲಿಯೂ ಇಲ್ಲ. ಹಮ್ದಾನ್ ತಾನು ಓಡಿಹೋಗಿ ಹಾಕಿ ಬರುತ್ತೇನೆಂದರೂ ಕೊಡದೆ, ಮುನಿಯಲ್ಲಮ್ಮ ಸೀರೆ ಬದಲಾಯಿಸಿ, ತಲೆ ಬಾಚಿ, ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಗೇಟಿಗೆ ಬರುತ್ತಾರೆ. ಅಲ್ಲಿ ಜಹೀರ್ ಸಾಬರು ಗಾಡಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದವರು, ಅವರ ಒಗೆದ ಸೀರೆಯನ್ನು ನೋಡಿ ಕೇಳುತ್ತಾರೆ:

"ಏನಮ್ಮಾ, ದೂರಾನಾ?"

ಮುನಿಯಲ್ಲಮ್ಮ ನಿಲ್ಲುತ್ತಾರೆ.

"ಊಂ ಕಣ್ರೀ ಸಾಬ್ರೇ," ಎನ್ನುತ್ತಾರೆ. "ದೂರಾನೇ."

ಗಾಡಿ ಹತ್ತು ಎಂದರೂ ಹತ್ತದೆ, ಏರಿಯ ಮೇಲಿನ ದಾರಿಯಲ್ಲಿ ಒಬ್ಬರೇ ನಡೆದು ಹೋಗುತ್ತಾರೆ. ಕೆಂಪು ಡಬ್ಬದ ಬಾಯಿಗೆ ಕಾಗದವನ್ನಿಟ್ಟು, ಒಳಗೆ ಬಿದ್ದ ಸದ್ದು ಕೇಳುವ ತನಕ ಕೈಯನ್ನು ಅಲ್ಲೇ ಹಿಡಿದಿರುತ್ತಾರೆ. ಆಮೇಲೆ ಬಿರಬಿರನೆ ಹಿಂದಿರುಗುತ್ತಾರೆ. ಸಂಜೆಯಾಗುತ್ತಾ ಬಂದಿದೆ, ಹಂಡೆಗೆ ಉರಿ ಹಾಕಬೇಕು.